ಎಡಗಡೆಯ ಹಂಡೆ

"ಆ ಕೈಲಿ ಬೇಡ. ಕೆಳಗಿಡು."

ಎಂಟು ವರ್ಷಗಳ ಮೇಲೆ ಕಂಡ ಸೋದರತ್ತೆಯ ಮಗ ಜಗದಾಂಬಳಿಗೆ ಆಡಿದ ಮೊದಲ ಮಾತು ಇದು.

ಹಸಿ ಸುಣ್ಣದ ಬಾಂಡಲಿಯನ್ನು ಎಡಗೈಯಲ್ಲಿ ಚಾಚಿ ನಿಂತಿದ್ದವಳು ಅದನ್ನು ನೆಲದ ಮೇಲಿಟ್ಟಳು. ಆ ಅಂಗೈಗೆ ಸುತ್ತಿದ್ದ ಬಟ್ಟೆಯನ್ನು ಸೆರಗಿನೊಳಗೆ ಮರೆಮಾಡಿಕೊಂಡಳು. ಮುಖಕ್ಕೆ ಬಿಸಿ ಏರಿತು.

'ಇವರೂ ಹಾಗೆಯೇ...'

ಅವಳು ಎಡಚಿ. ಬಡಿಸುವಾಗ ಎಡಗೈ ಮುಂದೆ ಬಂದದ್ದನ್ನು ಕಂಡು, ಹೆಣ್ಣು ನೋಡಲು ಬಂದ ಎರಡು ಮನೆಯವರು ಎದ್ದು ಹೋಗಿದ್ದರು. ಮೂರನೆಯವರು ಬರಲೇ ಇಲ್ಲ.

ಈಗ ಅವಳು ಕಳ್ಳಂಬೆಳ್ಳದಿಂದ ಮಧುಗಿರಿಗೆ ಬಂದದ್ದು ಅತ್ತೆ ಕಮಲಾಕ್ಷಮ್ಮನವರ ಮನೆಯ ಬಚ್ಚಲು ಕಟ್ಟಲು ಕೈಜೋಡಿಸುವುದಕ್ಕೆ. ಕಾರಣ ಊರಿಗೆಲ್ಲ ತಿಳಿದಿತ್ತು. ಸಿರಾದ ಬಟ್ಟೆ ಅಂಗಡಿಯವರು ಮಲ್ಲಿಕಾರ್ಜುನಯ್ಯನಿಗೆ ಮಗಳನ್ನು ಕೊಡಲು ಒಪ್ಪಿದ್ದರು. ಆದರೆ ಹುಡುಗಿಯ ತಾಯಿ ಹಿತ್ತಲಿಗೆ ಹೋಗಿ, ಬಿರಿದ ಕಲ್ಲು, ಬಾಗಿಲಿಗೆ ಬದಲು ಗೋಣಿ ನೋಡಿ, "ನಮ್ಮ ಮಗು ಇಲ್ಲಿ ಹೆಂಗೆ ಮೀಯ್ತದೆ?" ಎಂದು ಕೇಳಿ ಹೋಗಿದ್ದರು. ಬರುವ ಸೋಮವಾರ ಮತ್ತೆ ಬರುವವರಿದ್ದರು. ಬಚ್ಚಲು ಒಪ್ಪಿದರೆ ತಾಂಬೂಲ.

ಕಮಲಾಕ್ಷಮ್ಮ ವಿಧವೆ. ಮಗ ಮಿಡ್ಲ್ ಸ್ಕೂಲಿನ ಲೆಕ್ಕದ ಮೇಷ್ಟರು. ಕೂಲಿಯಾಳು ಇಡುವ ಶಕ್ತಿ ಇರಲಿಲ್ಲ. ಆದ್ದರಿಂದ ನೆಂಟರೇ ಕೂಲಿಯಾಳುಗಳು. ಬಿದ್ದ ಕೊಟ್ಟಿಗೆಯ ಚಪ್ಪಡಿ ನೆಲಕ್ಕೆ, ಅದರ ಹಲಗೆ ಬಾಗಿಲಿಗೆ, ಒಡೆದ ಹೆಂಚು ಕುಟ್ಟಿ ಗಾರೆಗೆ. ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗದಲ್ಲಿ ಒಂದು ಅಂಗುಲವೂ ವ್ಯರ್ಥವಾಗಕೂಡದೆಂದು ಮಲ್ಲಿಕಾರ್ಜುನಯ್ಯ ಸೀಮೆಸುಣ್ಣದಿಂದ ಗೀಟು ಹಾಕಿಟ್ಟಿದ್ದ.

"ಮೇಷ್ಟ್ರೇ, ಗೀಟಿನ ಮ್ಯಾಲೆ ನೀರು ಹರಿಯಾಕಿಲ್ಲ, ವಾಟದ ಮ್ಯಾಲೆ ಹರೀತದೆ," ಎಂದು ಚಿಕ್ಕಪ್ಪ ನಾಗಲಿಂಗಯ್ಯ ಚಪ್ಪಡಿ ಹೊರುತ್ತಲೇ ಕೆಣಕಿದರು.

"ವಾಟಾನೂ ಬರೆದಿದೀನಿ ಚಿಕ್ಕಪ್ಪ. ಅಡಿಗೆ ಕಾಲಂಗುಲ ಇಳಿಜಾರು."

"ಬರ್ಕೋ, ಬರ್ಕೋ. ನೀರಿಗೆ ಓದಾಕೆ ಬರ್ಬೇಕಲ್ಲ."

ಜಗದಾಂಬಳಿಗೆ ನಗು ಬಂತು. ನಕ್ಕ ಕ್ಷಣದಲ್ಲೇ ಅವನ ಕಣ್ಣು ತನ್ನ ಮೇಲಿರುವುದು ತಿಳಿದು ತಲೆ ತಗ್ಗಿಸಿದಳು.

ಮರುದಿನದಿಂದ ಕೆಲಸ ಭರದಿಂದ ಸಾಗಿತು. ಬೆಲ್ಲದ ನೀರು ಬೆರೆಸಿದ ಗಾರೆಯನ್ನು ಹರಡಿ ಹೆಂಗಸರು ಕೊಡತಿಯಿಂದ ಬಡಿದರು. ಧಪ್, ಧಪ್, ಧಪ್... ಎದೆಯೂ ಅದೇ ತಾಳ ಹಿಡಿಯಿತು. ಇನ್ನೊಬ್ಬಳು ಮೀಯುವ ನೆಲವನ್ನು ತಾನು ಬಡಿಯುತ್ತಿದ್ದೇನೆಂದು ತಿಳಿದೂ ಅವಳ ಕೈ ನಿಲ್ಲಲಿಲ್ಲ. ನೆಲ ಕನ್ನಡಿಯಂತೆ ಹೊಳೆಯತೊಡಗಿದ್ದನ್ನು ಕಂಡು ಅವಳಿಗೇ ಹುರುಪು.

ದಿನವೂ ಸಂಜೆ ಹಿತ್ತಲ ಗೂಡಿನಲ್ಲಿ ಒಂದು ಚಿಪ್ಪಿನಷ್ಟು ಕೊಬ್ಬರಿ ಎಣ್ಣೆ ಇರುತ್ತಿತ್ತು. ಅತ್ತೆ ಇಟ್ಟದ್ದೆಂದು ತಿಳಿದು ಅಂಗೈಗೆ ಹಚ್ಚಿಕೊಂಡಳು.

ನೆಲ ಮುಗಿದ ಮೇಲೆ ಒಲೆ ಕಟ್ಟಿ ಹಂಡೆ ಕೂರಿಸುವುದು ಗಂಡಸರ ಕೆಲಸ. ಮುಗಿಸಿ ಬಂದ ಮಲ್ಲಿಕಾರ್ಜುನಯ್ಯ ಬಾಗಿಲಿಗೆ ಚಾಪೆ ಕಟ್ಟಿ, "ಭಾನುವಾರದ ತನಕ ಯಾರೂ ಕಾಲಿಡಕೂಡದು. ಗಾರೆ ಹಸಿ," ಎಂದ.

ಭಾನುವಾರ ಬೆಳಿಗ್ಗೆ ಚಾಪೆ ಬಿಚ್ಚಿದಾಗ ಮೊದಲು ಒಳಹೊಕ್ಕವರು ಕಮಲಾಕ್ಷಮ್ಮ. ಹೊಕ್ಕವರು ಹಾಗೆಯೇ ನಿಂತರು.

"ಏನ್ಲಾ ಇದು? ಹಂಡೆ ಎಡಗಡೆ ಕೂರ್ಸಿದೀಯ?"

ಇಡೀ ಮಧುಗಿರಿಯಲ್ಲಿ ಹಂಡೆ ಮೀಯುವ ಕಲ್ಲಿನ ಬಲಕ್ಕಿರುತ್ತದೆ. ಬಲಗೈಯಲ್ಲಿ ಮೊಗೆದು ತಲೆಗೆ ಹೊಯ್ದುಕೊಳ್ಳಬೇಕಲ್ಲವೇ?

"ಮಕ್ಕಳಿಗೆ ಲೆಕ್ಕ ಹೇಳೋನು ಎಡ ಯಾವ್ದು ಬಲ ಯಾವ್ದು ಅಂತ ಮರ್ತ," ಎಂದರು ನಾಗಲಿಂಗಯ್ಯ. ಆದರೆ ಅವರು ಮೀಸೆಯ ಮರೆಯಲ್ಲಿ ನಗುತ್ತಿದ್ದರು.

"ನಾಳೆ ಸಿರಾದೋರು ಬತ್ತಾರೆ. ಕಿತ್ತು ಆ ಕಡೆಗೆ ಕೂರ್ಸು."

"ಆಗಲ್ಲ ಅವ್ವ. ಗಾರೆ ಕಚ್ಕೊಂಡದೆ."

"ಯಾರಾನ ಇಲ್ಲಿ ಕುಂತು ಮೀಯಾಕಾಯ್ತದಾ? ಜಗದಾಂಬ, ಬಾ ಇಲ್ಲಿ. ಕುಂತು ನೀರು ಮೊಗ್ದು ತೋರ್ಸು. ಇವನ್ಗೆ ತಿಳೀಲಿ."

ಜಗದಾಂಬ ಕಲ್ಲಿನ ಮೇಲೆ ಕುಳಿತಳು. ಚೊಂಬು ಹಿಡಿದ ಎಡಗೈ ತಾನಾಗಿಯೇ ಹಂಡೆಯೊಳಗೆ ಇಳಿಯಿತು, ಮೇಲೆದ್ದಿತು, ಭುಜದ ಬಳಿ ಬಂದು ನಿಂತಿತು. ಮೊಣಕೈ ಗೋಡೆಗೆ ತಾಗಲಿಲ್ಲ. ಮೈ ತಿರುಚಬೇಕಾಗಲಿಲ್ಲ.

ಹುಟ್ಟಿದಂದಿನಿಂದ ಅವಳು ಪ್ರತಿ ಬಚ್ಚಲಿನಲ್ಲೂ ಗೋಡೆಗೆ ಮುಖ ಮಾಡಿ, ತಿರುಗಿ ಕುಳಿತು ಮಿಂದವಳು. ಹಾಗೆಂದು ಯಾರಿಗೂ ಹೇಳಿದವಳಲ್ಲ.

ಅಳತೆ ಅವಳ ಕೈಗೆ ಸರಿಯಾಗಿತ್ತು. ಅಂಗುಲದ ವ್ಯತ್ಯಾಸವಿರಲಿಲ್ಲ.

ಚೊಂಬಿನ ನೀರು ಕೈಜಾರಿ ನೆಲದ ಮೇಲೆ ಚೆಲ್ಲಿತು. ಒಂದು ಹನಿಯೂ ನಿಲ್ಲದೆ ಓಡಿ ತೂಬಿನಲ್ಲಿ ಇಳಿಯಿತು. ವಾಟದ ವಿಷಯಕ್ಕೆ ಕೆಣಕಿದ್ದ ನಾಗಲಿಂಗಯ್ಯನವರೂ ಆ ನೀರನ್ನಲ್ಲ, ಅವಳ ಎಡಗೈಯನ್ನೇ ನೋಡುತ್ತಿದ್ದರು.

ಕಮಲಾಕ್ಷಮ್ಮ ಸೋದರಸೊಸೆಯ ಕೈ ನೋಡಿದರು. ಮಗನ ಮುಖ ನೋಡಿದರು.

"ಯಾರ್ಗೆ ಕಟ್ದೆ ಇದನ್ನ?"

"ನೋಡ್ತಾ ಇದೀಯಲ್ಲ ಅವ್ವ."

"ಸಿರಾದೋರ್ಗೆ ನಾನೇನ್ ಹೇಳ್ಲಿ?"

"ಬಚ್ಚಲು ನಿಮ್ಮ ಹುಡುಗೀಗೆ ಹೊಂದಾಕಿಲ್ಲ ಅನ್ನು. ಸುಳ್ಳೇನಲ್ಲ. ಇವತ್ತೇ ಹೇಳಿಕಳಿಸಾಣ, ಅವರು ಬಂಡಿ ಕಟ್ಟೋ ಮುಂಚೆ."

ಜಗದಾಂಬ ಉಸಿರು ಬಿಗಿಹಿಡಿದಳು. ಅತ್ತೆ ಒಂದು ಮಾತು ಆಡಿದರೆ ಎಲ್ಲವೂ ಮುಗಿಯುತ್ತಿತ್ತು. ಎಂಟು ವರ್ಷದವಳಿದ್ದಾಗ ಈ ಎಡಗೈಯನ್ನು ಬಟ್ಟೆಯಿಂದ ಕಟ್ಟಿ ಊಟಕ್ಕೆ ಕೂರಿಸಿದ್ದವರು ಇದೇ ಅತ್ತೆ.

ಕಮಲಾಕ್ಷಮ್ಮ ಅವಳ ಕೈಯಿಂದ ಚೊಂಬು ತೆಗೆದುಕೊಂಡರು. ಕಲ್ಲಿನ ಮೇಲೆ ತಾವೇ ಕುಳಿತು ಎಡಗೈಯಿಂದ ಮೊಗೆದರು. ಅರ್ಧ ನೀರು ಸೀರೆಯ ಮೇಲೆ, ಅರ್ಧ ನಾಗಲಿಂಗಯ್ಯನವರ ಪಾದದ ಮೇಲೆ.

"ಐವತ್ತರ ವಯಸ್ನಾಗೆ ಎಡಗೈ ಕಲಿಯಂಗಾಯ್ತಲ್ಲ ನನ್ನ ಬಾಳು," ಎಂದು ಎದ್ದರು. ಒದ್ದೆ ಸೆರಗು ಹಿಂಡುತ್ತಾ, "ನಾಗಲಿಂಗ, ಸಿರಾಕ್ಕೆ ಒಂದಾಳು ಓಡ್ಸು. ಆಮ್ಯಾಕೆ ನೀನೇ ಕಳ್ಳಂಬೆಳ್ಳಕ್ಕೆ ಹೋಗು. ನಮ್ಮಣ್ಣನ ಕೈಲಿ ಮಾತಾಡು. ಇವಳೇನಂತಾಳೋ ಮೊದ್ಲು ಕೇಳ್ಕೊಂಡು ಹೋಗು," ಎಂದರು.

ಕಮಲಾಕ್ಷಮ್ಮ, ನಾಗಲಿಂಗಯ್ಯ ಇಬ್ಬರೂ ಹೊರಗೆ ನಡೆದರು; ಕೇಳುವ ಕೆಲಸ ಮಲ್ಲಿಕಾರ್ಜುನಯ್ಯನಿಗೇ ಉಳಿಯಿತು. ಹಿತ್ತಲಿನಲ್ಲಿ ಬಿಸಿಲು, ಬೆಟ್ಟದ ಬಂಡೆ ಮಿರುಗುತ್ತಿತ್ತು.

"ಮೊದಲ ದಿನ 'ಆ ಕೈಲಿ ಬೇಡ' ಅಂದ್ರಲ್ಲ ಭಾವ..." ಎಂದಳು ಜಗದಾಂಬ.

"ಗಾಯ ಆಗಿತ್ತಲ್ಲ ಆ ಕೈಗೆ. ಹಸಿ ಸುಣ್ಣ ಸೋಕಿದ್ರೆ ಸುಟ್ಟುಬಿಡ್ತಿತ್ತು."

"ಎಣ್ಣೆ...?"

"ಬಾಯಲ್ಲಿ ಹೇಳೋಕೆ ಬರಲಿಲ್ಲ. ತಂದಿಟ್ಟೆ."

ಅವಳು ಕಣ್ಣು ಒರೆಸಿಕೊಂಡಳು. ಈ ಬಾರಿ ಎಡಗೈಯನ್ನು ಮರೆಮಾಡಲಿಲ್ಲ.

"ಹಂಡೆ ಕೂರಿಸೋ ಮುಂಚೆ ನನ್ನ ಕೇಳ್ಬೇಕಿತ್ತು."

"ತಪ್ಪಾಯ್ತು. ಈಗ ಕೇಳ್ತೀನಿ. ಇರ್ತೀಯಾ ಈ ಮನೇಲಿ?"

ಅವಳು ಹಂಡೆಯತ್ತ ನೋಡಿದಳು, ಕಲ್ಲಿನತ್ತ ನೋಡಿದಳು. ಆಮೇಲೆ ಅವನ ಬಲಗೈ ನೋಡಿ ನಕ್ಕಳು.

"ಇರ್ತೀನಿ. ಆದ್ರೆ ನೀವು ಹೆಂಗೆ ಮೀಯ್ತೀರಿ ಇಲ್ಲಿ?"

"ತಿರುಗಿ ಕೂತ್ಕೊಂಡು," ಎಂದ ಮಲ್ಲಿಕಾರ್ಜುನಯ್ಯ. "ಇಷ್ಟು ವರ್ಷ ನೀನು ತಿರುಗಿ ಕೂತಿಲ್ವಾ?"