ರೆಫ್ರಿ ಹಿಡಿದ ಕೈ

"ಕೈ ಒತ್ತು, ತಂಗಾಳಿ... ಇಲ್ಲಾಂದ್ರೆ ಪಂದ್ಯ ನಿಲ್ಲಿಸ್ತೀನಿ."

ರಿಂಗಿನಲ್ಲಿ ಅಂಗಾತ ಬಿದ್ದಿದ್ದ ಅವಳ ಕಿವಿಯಲ್ಲಿ ರೆಫ್ರಿ ಪಿಸುಗುಟ್ಟಿದ. ಅದು ಅವಳ ಮೊದಲ ಕುಸ್ತಿ. ಪೋಸ್ಟರಿನಲ್ಲಿ ಅವಳ ಹೆಸರು ಬಿರುಗಾಳಿ. ಇವನೋ ಬಂದವನೇ ತಂಗಾಳಿ ಮಾಡಿಬಿಟ್ಟಿದ್ದ!

ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುವ ಈ ಆಟದಲ್ಲಿ ನಿಜವೆಂಬುದು ಒಂದೇ. ಬಿದ್ದವರ ಕೈಯನ್ನು ರೆಫ್ರಿ ಗುಟ್ಟಾಗಿ ಒತ್ತುತ್ತಾನೆ. ತಿರುಗಿ ಒತ್ತಿದರೆ ಕ್ಷೇಮ. ಒತ್ತದಿದ್ದರೆ ನಿಜವಾಗಿಯೂ ಪೆಟ್ಟಾಗಿದೆ.

ಅವಳು ಒತ್ತಿದಳು. ಬೇಕಿದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಒತ್ತಿದಳು.

ಊರೂರು ಸುತ್ತಿ ಕುಸ್ತಿ ಆಡಿಸುವ ಆ ಸಣ್ಣ ಕಂಪನಿಯ ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರ ಪ್ರೀತಿ ಬೆಳೆಯಿತು. ಆಮೇಲೆ ದೊಡ್ಡ ಕಂಪನಿ ಅವಳನ್ನು ಕರೆಯಿತು. ನೀನೂ ಬಾ ಎಂದಳು. ಅಲ್ಲಿ ರೆಫ್ರಿಗೆ ಪಂದ್ಯ ನಿಲ್ಲಿಸುವ ಹಕ್ಕಿಲ್ಲ, ಬರಲಾರೆ ಎಂದ.

'ನನ್ನ ಏಳಿಗೆ ಕಂಡು ಹೊಟ್ಟೆಕಿಚ್ಚು ಇವನಿಗೆ...'

ಬಿಟ್ಟುಹೋಗುವವರು ಕೊನೆಯ ಪಂದ್ಯ ಸೋತೇ ಹೋಗಬೇಕು, ಅದು ಈ ವೃತ್ತಿಯ ಕಟ್ಟಳೆ. ಅಂದು ಅವಳು ಬಿದ್ದಾಗ ಅವನು ಕೈ ಒತ್ತಿದ. ಅವಳು ಒತ್ತಲಿಲ್ಲ. ಬೇಕೆಂದೇ! ಹೆದರಿ ಸಾಯಲಿ ಎಂದು ಕಣ್ಣು ಮುಚ್ಚಿದಳು.

ಅವನು ಪಂದ್ಯ ನಿಲ್ಲಿಸಿದ. ಸ್ಟ್ರೆಚರ್ ಬಂತು. ನಿಲ್ಲಿಸಿಯೇಬಿಟ್ಟನಲ್ಲ ಎಂಬ ಸಿಟ್ಟಿಗೆ ಅವಳು ಎದ್ದು ಅವನ ಕಪಾಳಕ್ಕೆ ಬಾರಿಸಿದಳು. ಅದೂ ಆಟವೆಂದು ಜನ ಕೇಕೆ ಹಾಕಿದರು. ಪಂದ್ಯ ಕೆಡಿಸಿದನೆಂದು ಮಾಲೀಕ ಅವನನ್ನು ಕೆಲಸದಿಂದ ಕಿತ್ತುಹಾಕಿದ. ತಪ್ಪು ತನ್ನದೆಂದು ಒಪ್ಪಿಕೊಳ್ಳದೆ ಅವಳು ದೊಡ್ಡ ಕಂಪನಿಗೆ ಹೊರಟುಹೋದಳು.

ದೊಡ್ಡ ಕಂಪನಿ ಅವಳನ್ನು ಹಿಂಡಿ ಹಿಪ್ಪೆ ಮಾಡಿ ಮತ್ತೊಂದು ಕಂಪನಿಗೆ ದಾಟಿಸಿತು. ಅಲ್ಲಿ ಒಂದು ಸಂಜೆ ಕತ್ತು ಕೆಳಗಾಗಿ ಬಿದ್ದಳು. ಅಲ್ಲಿನ ರೆಫ್ರಿ ಕೈ ಒತ್ತಿದ. ಅವಳಿಗೆ ಒತ್ತಲಾಗಲಿಲ್ಲ. ಅವನು ಪಂದ್ಯ ನಿಲ್ಲಿಸದೆ ಎದುರಾಳಿಗೆ, ನಡೀಲಿ ಎಂದ. ಎದುರಾಳಿ ಅವಳನ್ನು ಎತ್ತಿ ಇನ್ನೊಮ್ಮೆ ಕೆಡವಿದಳು.

ಈಗ ಆಸ್ಪತ್ರೆಯಲ್ಲಿ, ಕತ್ತಿನ ಕೆಳಗೆ ಮೈ ಅವಳ ಮಾತು ಕೇಳುತ್ತಿಲ್ಲ. ಸುದ್ದಿ ತಿಳಿದು ಅವಳ ಹಳೆಯ ರೆಫ್ರಿ ಓಡಿಬಂದ. ಅವಳ ಅಮ್ಮ, ಬಾ ಮಗಾ ಎಂದಷ್ಟೇ ಹೇಳಿ ಸ್ಟೂಲು ಬಿಟ್ಟುಕೊಟ್ಟರು.

"ಅವತ್ತು ಬೇಕಂತಲೇ ಒತ್ತಲಿಲ್ಲ ಕಣೋ..."

"ಗೊತ್ತು. ನಿನ್ನ ರೆಪ್ಪೆ ಅದುರ್ತಿತ್ತು."

"ಗೊತ್ತಿದ್ದೂ ಯಾಕೆ ನಿಲ್ಲಿಸಿದೆ?"

"ಒಂದು ವೇಳೆ ನಿಜ ಆಗಿದ್ರೆ?"

ಚಾವಣಿ ನೋಡುತ್ತಲೇ ಅವಳು ಅತ್ತಳು. ಒರೆಸಿಕೊಳ್ಳಲೂ ಆಗಲಿಲ್ಲ, ಅವನೇ ಒರೆಸಿ, ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡ. ಇದ್ದಬದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಅವಳು ಹಲ್ಲು ಕಚ್ಚಿದಳು.

"ಒತ್ತಿದೀನಿ... ಗೊತ್ತಾಯ್ತಾ?"

ಅವಳ ಬೆರಳುಗಳು ಮಿಸುಕಲಿಲ್ಲ.

"ಗೊತ್ತಾಯ್ತು, ತಂಗಾಳಿ."