ತೊಟ್ಟಿಲಲ್ಲಿ ಗುಂಡಕಲ್ಲು

ನನ್ನ ಅಕ್ಕ ಆಮ್ರಪಾಲಿಯ ಎಳೆಗೂಸಿನ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಶ್ವಾಸಕೋಶದಲ್ಲಿ ಎರಡು ರಕ್ತನಾಳಗಳು ಅಡ್ಡದಾರಿಯಲ್ಲಿ ಕೂಡಿಕೊಂಡಿವೆ, ರಕ್ತಕ್ಕೆ ಗಾಳಿ ಸಿಗುತ್ತಿಲ್ಲ ಎಂದರು ವಿಜಯಪುರದ ಡಾಕ್ಟರು. ಅವರ ಸ್ಟೆತಸ್ಕೋಪಿನಲ್ಲಿ ನಾನೂ ಕೇಳಿದೆ: 'ಹುಶ್ಶಯ್... ಹುಶ್ಶಯ್...' ಊರವರನ್ನೆಲ್ಲ ಅಣಕಿಸುವ ನನ್ನ ಬಾಯಿಗೆ ಆ ಸಪ್ಪಳವೂ ಕೂತುಬಿಟ್ಟಿತು.

ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ಆ ಅಡ್ಡದಾರಿ ಮುಚ್ಚುವ ದಿನ, ಟಿಕೋಟಾದ ಮನೆಯಲ್ಲಿ ಅವ್ವ ಮಸಾಲೆ ಅರೆಯುವ ಗುಂಡಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದಳು.

"ಕೂಸು ಬರೂತನಾ ತೊಟ್ಟಲಾ ಖಾಲಿ ಇಡಬಾರದಪಾ."

"ನನ್ನ ಅಳಿಯ ಭಾಳ ಗಟ್ಟಿ ಅದಾನ ಬಿಡಬೇ," ಎಂದೆ.

ಮಧ್ಯಾಹ್ನ ಉಣ್ಣುವಾಗ ತೊಟ್ಟಿಲ ಕಡೆಯಿಂದ 'ಹುಶ್ಶಯ್' ಎಂದಿತು.

"ಸಾಕ್ ಮಾಡೋ ಮಂಗ್ಯಾ ನಿನ್ನ ನಕಲಿ!" ಎಂದು ಅವ್ವ ಬೈದಳು.

ನನ್ನ ಬಾಯಿ ತುಂಬ ರೊಟ್ಟಿ ಇತ್ತು. ಎದ್ದು ಹೋಗಿ ಕುಂಚಿಗೆಯೊಳಗೆ ಕೈಯಿಟ್ಟೆ. ಕಲ್ಲು ಆಗಷ್ಟೇ ಹಾಲು ಕುಡಿದ ಕೂಸಿನಂತೆ ಬೆಚ್ಚಗೆ ಬೆವೆತಿತ್ತು.

ಅಷ್ಟರಲ್ಲಿ ಅಕ್ಕನ ಫೋನು: "ತಮ್ಮಾ, ದಾರಿ ಮುಚ್ಯಾರ! ಎದ್ಯಾಗಿನ ಸಪ್ಪಳ ನಿಂತೈತಿ. ತುಟಿ ಕೆಂಪಾಗ್ಯಾವೋ!"

ಅವ್ವ ಬಂದು ತೊಟ್ಟಿಲು ತೂಗುತ್ತ, ಅಳುತ್ತಲೇ ನಕ್ಕಳು. ಅವಳ ಕೈ ಮಾತ್ರ ತೂಗುವುದನ್ನು ನಿಲ್ಲಿಸಲಿಲ್ಲ.

ಕೂಸು ಈಗ ಮನೆ ತುಂಬ ಅಂಬೆಗಾಲಿಡುತ್ತದೆ, ಚಾಪೆಯ ಮೇಲೆ ಮಲಗುತ್ತದೆ. ತೊಟ್ಟಿಲು ಇನ್ನೂ ಖಾಲಿಯಾಗಿಲ್ಲ.