ಹಿಡಿ ಬಿಟ್ಟ ಕತ್ತಿ

"ಸಂಜೆಯೊಳಗೆ ನೀವು ಏನಾದ್ರೂ ಮಾಡ್ಲಿಲ್ಲ ಅಂದ್ರೆ ನನ್ನ ಅಂಗಡಿ ಮುಚ್ಚಿದ ಹಾಗೇ, ಅಕ್ಕಾ," ಎನ್ನುತ್ತ ಆ ಹೆಂಗಸು ನಮ್ಮ ಕನ್ನಡಕದಂಗಡಿಯ ಸ್ಟೂಲಿನ ಮೇಲೆ ಕುಸಿದಳು.

ಅತ್ತಿಗೆ ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟರು. ಜನರ ಕಣ್ಣಿಗೆ ಕನ್ನಡಕ ಹಾಕುವುದು ಅವರ ಕಸುಬು. ಜನರ ಕಣ್ಣಿಗೆ ಬೀಳದ್ದನ್ನು ಹುಡುಕುವುದು ಅವರ ಚಟ. ಮೈದುನನಾದ ನನ್ನ ಪಾಲಿಗೆ ಬಿಲ್ಲು ಬರೆಯುವುದು ಮತ್ತು ಗಿರಾಕಿಗಳ ದನಿ ಅಣಕಿಸಿ ಅವರನ್ನು ನಗಿಸುವುದು. ಎರಡನೆಯದಕ್ಕೆ ಸಂಬಳವಿಲ್ಲ.

ಆಕೆ ಜಪಾನಿ ಮಾದರಿಯ ಅಗ್ಗದ ಕತ್ತಿಗಳನ್ನು ತರಿಸಿ ಮಾರುವವಳು. ಅಂಥ ಕತ್ತಿಗಳನ್ನು ಗ್ಯಾರೇಜಿನಲ್ಲಿ ಪರೀಕ್ಷಿಸಿ, ಅಂಕ ಕೊಟ್ಟು ವಿಡಿಯೊ ಹಾಕುವವನೊಬ್ಬನಿದ್ದ. ಜನ ಅವನನ್ನು ಕತ್ತಿರಾಯ ಎನ್ನುತ್ತಿದ್ದರು. ಹಿಂದಿನ ದಿನ ಅವನು ನೆನೆಸಿದ ಚಾಪೆಯ ಸುರುಳಿಯನ್ನು ಕಡಿಯಲು ಹೋದಾಗ ಅಲಗು ಹಿಡಿಯಿಂದ ಕಳಚಿ ಹಾರಿ, ಕ್ಯಾಮೆರಾ ಹಿಡಿದಿದ್ದ ಭಾಮೈದನ ಕಿವಿ ಸವರಿ ಗೋಡೆಗೆ ನಾಟಿತ್ತು.

"ಹೋದ ಸಲ ಕಡಿಮೆ ಅಂಕ ಕೊಟ್ಟಿದ್ದಕ್ಕೆ ನಾನು ಸೇಡಿಗೆ ಪೊಳ್ಳು ಬೆಣೆ ಹಾಕಿದೀನಂತೆ. ಸಂಜೆ ಊರಿಗೆಲ್ಲ ಹೇಳ್ತಾನಂತೆ."

"ಹಾಕಿದ್ರಾ?" ಅತ್ತಿಗೆ ನೇರವಾಗಿ ಕೇಳಿದರು.

"ಅಯ್ಯೋ, ಸೇಡು ತೀರಿಸ್ಕೋಬೇಕಿದ್ರೆ ಕತ್ತಿ ಯಾಕೆ ಕಳಿಸ್ಲಿ? ಬಿಲ್ಲು ಕಳಿಸ್ತಿದ್ದೆ!"

ಆ ಕ್ಷಣದಿಂದ ನಾನು ಆಕೆಯ ಪಕ್ಷ.

ಆಕೆಯ ಜೊತೆ ಕತ್ತಿರಾಯನ ಮನೆಗೆ ಹೋಗುವ ದಾರಿಯಲ್ಲಿ ಅತ್ತಿಗೆ ಆ ಕತ್ತಿ ಬಂದ ದಿನದ ವಿಡಿಯೊ ನೋಡಿದರು. ಕರಿ ಬನಿಯನ್ನಿನ ಕತ್ತಿರಾಯ ಹಿಡಿಯನ್ನು ಬಿಚ್ಚಿ ತೋರಿಸುತ್ತಿದ್ದ. ಅಲಗಿನ ಬಾಲ ಹಿಡಿಯೊಳಗೆ ಕೂರುತ್ತದೆ. ಎರಡಕ್ಕೂ ಅಡ್ಡಲಾಗಿ ಒಂದು ಪುಟ್ಟ ಬಿದಿರಿನ ಬೆಣೆ. ಬೆಣೆಯ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಹಾಗಾಗಿ ಒಂದೇ ಕಡೆಯಿಂದ ಹೋಗಬೇಕು. ಕತ್ತಿಯ ಹರಿತದ ಅಂಚು ಮೇಲೆ, ತುದಿ ಮುಂದೆ ಬರುವಂತೆ ಹಿಡಿದು, ಅವನು ಬೆಣೆಯನ್ನು ಬಲಗಡೆಯಿಂದ ಬಡಿದು ಕೂರಿಸಿದ. ಬಲಗೈ ಮುಂದಿಟ್ಟು ಕತ್ತಿ ಬೀಸಿ, ಬಲಗೆನ್ನೆಯ ಮಚ್ಚೆ ಕುಣಿಯುವಂತೆ ನಕ್ಕ.

ಕತ್ತಿರಾಯನ ಮನೆಯ ಹಜಾರದಲ್ಲಿ ಹಳೆಯ ಹೊಲಿಗೆ ಯಂತ್ರವೊಂದು ಹೊಸದರಂತೆ ಹೊಳೆಯುತ್ತಿತ್ತು. "ಅಮ್ಮಂದು. ಅವರು ಹೋದ್ಮೇಲೂ ಅಪ್ಪ ಎಣ್ಣೆ ಹಾಕೋದು ಬಿಟ್ಟಿಲ್ಲ. ನಾವ್ಯಾರೂ ಅದನ್ನ ಮುಟ್ಟೋ ಹಾಗಿಲ್ಲ," ಎಂದ ಅವನು. ಎಡಗೈಯಲ್ಲಿ ಚಹಾದ ಲೋಟ, ಎಡಗೆನ್ನೆಯಲ್ಲಿ ಮಚ್ಚೆ, ಎರಡು ಕಣ್ಣಲ್ಲೂ ಕೋಪ.

ಗ್ಯಾರೇಜಿನಲ್ಲಿ ಬಕೆಟ್ಟಿನ ತುಂಬ ಚಾಪೆ ಸುರುಳಿಗಳು, ನೀರು ತುಂಬಿಟ್ಟ ಬಾಟಲಿಗಳು, ಹಿಂದೆ ಬಿಳಿ ಪರದೆ. ಅಲಗು ಕಳಚಿದ ಹಿಡಿ ಮೇಜಿನ ಮೇಲೆ ಹಾಗೇ ಇತ್ತು. ಬೆಣೆಯ ದಪ್ಪ ತುದಿ ಬಲಗಡೆಯ ತೂತಿನಲ್ಲಿ ದಾರದ ಸುತ್ತಿನಡಿ ಸಿಕ್ಕಿಕೊಂಡಿತ್ತು. ಸಣ್ಣ ತುದಿ ಮುರಿದಿತ್ತು.

"ಬಂದ ದಿನ ಹೇಗಿತ್ತೋ ಹಾಗೇ ಇದೆ, ವಿಡಿಯೊ ಜೊತೆ ಹೋಲಿಸಿ ನೋಡಿದೀನಿ. ಆಮೇಲೆ ಯಾರೂ ಬಿಚ್ಚಿಲ್ಲ. ಅಂದ್ರೆ ಮಾಲೇ ಪೊಳ್ಳು," ಎಂದ ಕತ್ತಿರಾಯ.

ಅತ್ತಿಗೆ ಅಲಗಿನ ಬಾಲವನ್ನು ಮೂಸಿದರು. "ಎಣ್ಣೆ ಹಾಕಿದ್ರಾ?"

"ಪರೀಕ್ಷೆಗೆ ಮುಂಚೆ ಹಾಕಲ್ಲ. ಬಂದ ಹಾಗೇ ಕಡಿಯೋದು ನನ್ನ ನಿಯಮ."

ಭಾಮೈದ ಕಿವಿಯ ಪಟ್ಟಿ ಮುಟ್ಟಿಕೊಂಡ. "ಇನ್ನೊಂದು ಚೂರು ಈಚೆ ಬಂದಿದ್ರೆ ನನಗೆ ಹೆಡ್‌ಫೋನ್ ಖರ್ಚು ಅರ್ಧ ಉಳೀತಿತ್ತು."

ಅಷ್ಟರಲ್ಲಿ ಕತ್ತಿರಾಯನ ಅಪ್ಪ ನಮಗೂ ಚಹಾ ತಂದರು. "ನಾನು ಇವನ ಹುಚ್ಚಾಟ ಒಂದೂ ನೋಡಿಲ್ಲಮ್ಮ. ಬಾಗಿಲು ಹಾಕ್ಕೊಂಡು ಏನು ಮಾಡ್ತಾನೋ!"

ವಾತಾವರಣ ತಿಳಿಯಾಗಲೆಂದು ನಾನು ಕತ್ತಿರಾಯ ವಿಡಿಯೊದಲ್ಲಿ ಹೇಳುವ ಮಾತನ್ನು ಅವನದೇ ದನಿಯಲ್ಲಿ ಅಣಕಿಸಿದೆ: "ಗೆಳೆಯರೇ, ಕಡಿಮೆ ಬೆಲೆ ಕತ್ತಿ ಕಡಿಯುತ್ತಾ?"

"ಚೆನ್ನಾಗಿದೆ," ಎಂದರು ಮುದುಕರು. "ಆದ್ರೆ ಆ ಮಾತಿನ ಕೊನೇಲಿ ಒಂದು ಸಲ ಮೂಗು ಎಳೀತಾನೆ. ಅದನ್ನ ಬಿಟ್ರಿ."

ನಾನು ಪೆಚ್ಚಾದೆ. ಅತ್ತಿಗೆ ಮಾತ್ರ ಚಹಾ ಕುಡಿಯುವುದನ್ನು ನಿಲ್ಲಿಸಿದರು.

ಎಲ್ಲರೂ ಹಜಾರದಲ್ಲಿ ಕುಳಿತರು. ಕತ್ತಿ ಅಂಗಡಿಯಾಕೆ ಬಾಗಿಲ ಪಕ್ಕದಲ್ಲೇ ಉಳಿದಳು.

"ವಿಡಿಯೊದಲ್ಲೂ ಬೆಣೆ ಬಲಗಡೆ, ಇಲ್ಲೂ ಬಲಗಡೆ," ಎಂದು ಅತ್ತಿಗೆ ಶುರುಮಾಡಿದರು. "ಎರಡೂ ಒಂದೇ ಇರೋದೇ ತಪ್ಪು. ದಿನಾ ಮುಖ ನೋಡಿ ಕನ್ನಡಕ ಕೂರಿಸೋಳು ನಾನು. ಇವರ ಮಚ್ಚೆ ಎಡಗಡೆ, ವಿಡಿಯೊದಲ್ಲಿ ಬಲಗಡೆ. ಎಡಗೈಯವರು, ವಿಡಿಯೊದಲ್ಲಿ ಬಲಗೈಯವರು. ಯಾಕಪ್ಪಾ, ಕ್ಯಾಮೆರಾದವನೇ?"

ಭಾಮೈದ ತಲೆ ಕೆರೆದುಕೊಂಡ. "ಎಡಚ, ಕತ್ತಿ ಹಿಡಿಯೋಕೇ ಬರಲ್ಲ ಅಂತ ಜನ ಬೈತಿದ್ರು. ಅದಕ್ಕೇ ಚಿತ್ರಾನ ಕನ್ನಡೀಲಿ ಕಂಡ ಹಾಗೆ ತಿರುಗಿಸಿ ಹಾಕ್ತೀನಿ."

ಕತ್ತಿರಾಯ ಹಣೆ ಬಡಿದುಕೊಂಡ. "ಹೋಲಿಸುವಾಗ ಮರೆತೇಬಿಟ್ಟೆ! ನಾನು ಎಡದಿಂದ ಹಾಕಿದ್ದೆ."

"ಅಂದ್ರೆ ಆಮೇಲೆ ಯಾರೋ ಬಿಚ್ಚಿ, ವಿಡಿಯೊ ನೋಡ್ಕೊಂಡು ವಾಪಸ್ ಹಾಕಿದಾರೆ. ಉಲ್ಟಾ ಕಡೆಯಿಂದ ಬೆಣೆ ಪೂರ್ತಿ ಕೂರಲಿಲ್ಲ. ಸಣ್ಣ ತುದಿ ಮಾತ್ರ ಅಲಗನ್ನ ಹಿಡಿದಿತ್ತು. ಬೀಸಿದ ಹೊಡೆತಕ್ಕೆ ಮುರೀತು. ಇವರಾಗಲಿ ಭಾಮೈದನಾಗಲಿ ಈ ತಪ್ಪು ಮಾಡ್ತಿರಲಿಲ್ಲ, ಇವರ ಕೈಗೆ ಎಡಗಡೆಯೇ ರೂಢಿ, ಅವನಿಗೆ ಗುಟ್ಟು ಗೊತ್ತು. ಅಂಗಡಿಯಾಕೆ ಕತ್ತಿ ಕೊಟ್ಟಮೇಲೆ ಈ ಕಡೆ ಬಂದೇ ಇಲ್ಲ. ಬಿಚ್ಚಿದವರು ಕೆಡಿಸೋಕೆ ಬಿಚ್ಚಲೂ ಇಲ್ಲ. ಕೆಡಿಸೋರು ಬಾಲದವರೆಗೆ ಹೊಲಿಗೆ ಯಂತ್ರದ ಎಣ್ಣೆ ಸವರ್ತಾರಾ?"

ಯಾರೂ ಆ ಯಂತ್ರದ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

"ವಿಡಿಯೊ ಒಂದೂ ನೋಡದವರಿಗೆ ಮೂಗೆಳೆಯೋದು ಹೇಗೆ ಗೊತ್ತಾಯ್ತು, ಯಜಮಾನ್ರೇ?" ಅತ್ತಿಗೆಯ ದನಿ ಮೆತ್ತಗಿತ್ತು.

ಮುದುಕರು ಲೋಟ ಕೆಳಗಿಟ್ಟರು. "ಹಿಂದಿನ ಕತ್ತೀಲಿ ತುಕ್ಕಿತ್ತು ಅಂದಿದ್ದ. ತುಕ್ಕು ಹಿಡಿದದ್ದು ಕೈಯಲ್ಲೇ ಮುರಿದ್ರೆ? ಇವರೆಲ್ಲ ಹೊರಗೆ ಹೋದಾಗ ಎಣ್ಣೆ ಹಾಕಿದೆ. ಅವನು ವಿಡಿಯೊದಲ್ಲಿ ತೋರಿಸಿದ ಹಾಗೇ ಮಾಡಿದ್ನಲ್ಲಾ..." ಅವರು ಭಾಮೈದನ ಕಿವಿ ನೋಡಿ ಕಣ್ಣೊರೆಸಿಕೊಂಡರು. "ನಿನ್ನೆಯಿಂದ ಬಾಯಿ ಬರಲಿಲ್ಲ. ಆಯಮ್ಮನ ಮೇಲೆ ಹೊರಿಸ್ತಾನೆ ಅಂತ ಗೊತ್ತಿರಲಿಲ್ಲ."

"ಅಪ್ಪಾ, ನೀವು ನೋಡ್ತೀರಾ?" ಕತ್ತಿರಾಯನ ದನಿಯಲ್ಲಿ ಹರಿತ ಉಳಿದಿರಲಿಲ್ಲ.

"ಎಲ್ಲಾನೂ. ಬಲಗೈಗೆ ಯಾವಾಗ ಬದಲಾಯಿಸಿದ್ಯೋ, ಎಷ್ಟು ಕಷ್ಟಪಟ್ಟೆಯೋ ಅಂತ ಸಂಕಟ ಆಗ್ತಿತ್ತು. ಎಡಗೈಲಿ ನೀನು ಎಷ್ಟು ಚೆನ್ನಾಗಿ ಬೀಸ್ತಿದ್ದೆ!"

ಮಗ ಎದ್ದು ಹೋಗಿ ಅಪ್ಪನ ಕಾಲ ಬಳಿ ಕುಳಿತ. ಅಂಗಡಿಯಾಕೆ ಗಂಟಲು ಸರಿಮಾಡಿಕೊಂಡು, "ನನ್ನ ಗತಿ?" ಎಂದಳು.

ಆ ಸಂಜೆ ಬಂದ ವಿಡಿಯೊದಲ್ಲಿ ಕತ್ತಿರಾಯ ಆಕೆಯ ಕ್ಷಮೆ ಕೇಳಿದ, ಅದೇ ಕತ್ತಿಗೆ ಹೊಸ ಬೆಣೆಯನ್ನು ಎಡದಿಂದ ಹಾಕಿದ, ಎಡಗೈ ಮುಂದಿಟ್ಟು ಚಾಪೆ ಸುರುಳಿಯನ್ನು ಒಂದೇ ಏಟಿಗೆ ತುಂಡರಿಸಿದ. ಮಚ್ಚೆ ಇರಬೇಕಾದ ಕೆನ್ನೆಯಲ್ಲೇ ಇತ್ತು.

"ಗೆಳೆಯರೇ, ಕಡಿಮೆ ಬೆಲೆ ಕತ್ತಿ ಕಡಿಯುತ್ತಾ?" ಎಂದು ಕೇಳಿದವನು ಅದೇಕೋ ಮೂಗು ಎಳೆಯುವುದನ್ನು ಮರೆತ. ಕ್ಯಾಮೆರಾದ ಹಿಂದಿನಿಂದ ಯಾರೋ ವಯಸ್ಸಾದವರು ಅವನ ಪರವಾಗಿ ಎಳೆದರು.